ಎರಡು ಕಳಾವರ್

ಶೇಷಾದ್ರಿಪುರದಲ್ಲಿ, ಪ್ಲೈವುಡ್ ಅಂಗಡಿಯ ಮಹಡಿ ಮೇಲೆ,
ನಾಲ್ಕು ಮೇಜು, ಹದಿನಾರು ಕುರ್ಚಿ, ಕುಂಟುವ ಫ್ಯಾನು ಒಂದು.
ಮಂಗಳವಾರ, ಶುಕ್ರವಾರ, ಸಂಜೆ ಐದಕ್ಕೆ.
ಹನ್ನೊಂದು ವರ್ಷದಿಂದ ನನ್ನ ಎದುರಿಗೆ ಜುಬೇದಾ ಮೇಡಂ,
ಟ್ಯಾನರಿ ರಸ್ತೆಯ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರು.
ನಾನು ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದಿದವನು,
ಗೆಜೆಟ್ಟಿನಲ್ಲಿ ಒಂದು ಒತ್ತಕ್ಷರ ಬಿದ್ದುಹೋದರೂ
ಬೆರಳಿಟ್ಟು ತೋರಿಸುತ್ತಿದ್ದವನು.

ಒಂದು ಕಳಾವರ್ ಅಂದರೆ ಕಳಾವರ್ ಎಂದೇನೂ ಅಲ್ಲ.
ಇಸ್ಪೇಡು ಐದಿಲ್ಲ, ಆಟೀನೂ ಐದಿಲ್ಲ,
ಆದರೆ ಹನ್ನೆರಡು ಪಾಯಿಂಟುಂಟು, ಸುಮ್ಮನೆ ಕೂರುವ ಹಾಗಿಲ್ಲ,
ಅದಕ್ಕೆ ಮನೆಯ ಅತಿ ತಗ್ಗಿನ ಬಾಗಿಲು ತೆರೆಯುವುದು.
ಮೂರೇ ಎಲೆ ಇದ್ದೀತು, ಅದರಲ್ಲಿ ಎರಡು ತೀರ ಬಡವು.
ಹೇಗಿದ್ದೀರಿ ಎಂದು ಕೇಳಿದ ಹಾಗೆ.
ಮುಂದಿನದೆಲ್ಲ ಉತ್ತರದ ಮೇಲೆ.

ಉತ್ತರವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೆವು.
ಮೇಡಂ ಎಲ್ಲಿಂದಲೋ ನಕಲು ಮಾಡಿ ತಂದ ಚೌಕುಳಿ ಹಾಳೆ, ಹಸಿರು ಶಾಯಿ:
ಮೂರಕ್ಕೆ ಹಾರಿದರೆ ಕೈಯಲ್ಲಿ ಏನೂ ಇಲ್ಲ,
ಎಲೆ ಉದ್ದ, ಜೀವ ಗಿಡ್ಡ,
ಎದುರಾಳಿಯ ಬಾಯಿ ಮುಚ್ಚಿಸಲು ಗದ್ದಲ, ಅಷ್ಟೆ.
ಎರಡು ಅಂದರೆ ಮಾತ್ರ ತಡಿ.
ಹತ್ತು ಪಾಯಿಂಟು, ಹೆಚ್ಚೂ ಇರಬಹುದು,
ಪಾಸ್ ಅನ್ನಕೂಡದು,
ನಿನ್ನಲ್ಲಿ ಎಲ್ಲೆಲ್ಲಿ ತಡೆ ಇದೆಯೋ
ಕೆಳಗಿನಿಂದ ಒಂದೊಂದೇ ಹೇಳುತ್ತ ಬಾ.
'ತುಂಬಿದ ಕೊಡ ತುಳುಕುವುದಿಲ್ಲ ಅಂತ ಬರ್ಕೊಳ್ಳಿ' ಅಂದೆ.
ಬರೆದರು, ಒಂದು ಕೊಂಬು ಬಿಟ್ಟು.
ನಾನು ತಿದ್ದಿದೆ.

ಅಲರ್ಟ್ ಚೀಟಿಗಳು ಯಾವತ್ತೋ ಕಳೆದಿವೆ.
ಜೊತೆಗಾರರ ಮಾತಿಗೆ ಒಳ ಅರ್ಥ ಇದ್ದರೆ
ಗೆಣ್ಣಿನಿಂದ ಮೇಜು ಎರಡು ಸಲ ಕುಟ್ಟಬೇಕು.
ಅದು ನಮ್ಮಲ್ಲಿಯ ಕಟ್ಟಳೆ.

ಕಳೆದ ಶುಕ್ರವಾರ. ಒಂದು ಕಳಾವರ್, ಅಂದೆ.
ತಿಮ್ಮಾಜಪ್ಪ ಪಾಸ್.
ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ
ಎರಡು, ಅಂದರು.
ಕೆಳಗೆ ಯಾರೋ ಹಲಗೆ ಕೊಯ್ಯುತ್ತಿದ್ದರು.
ನಾನು ಮೇಜು ಕುಟ್ಟಲಿಲ್ಲ.
ಬಲಗಡೆಯ ಫಿಲೋಮಿನಾ ಪಾಸ್. ನಾನೂ ಪಾಸ್.

ಡಮ್ಮಿ ಬಿಚ್ಚಿದರು:
ಕಳಾವರ್ ರಾಜ, ರಾಣಿ, ಗುಲಾಮ, ಹಿಂದೆ ಎರಡು ಪುಡಿ,
ಇಸ್ಪೇಡಿನ ಎಕ್ಕ, ಆಟೀನಿನ ರಾಜ.
ತಿಮ್ಮಾಜಪ್ಪ ಸಣ್ಣಗೆ ಕೆಮ್ಮಿದರು.
ಎಂಟು ಟ್ರಿಕ್ಕು ಸಾಕಿತ್ತು. ಹನ್ನೊಂದು ಬಂದವು,
ಮದುವೆ ಮುಗಿದ ಮೇಲೆ ಬಂದ ನೆಂಟರ ಹಾಗೆ.
ಮೇಡಂ ಅಂದದ್ದು ಇಷ್ಟೇ:
'ತುಂಬಿದ ಕೊಡ, ಸಾರ್.'

ಆ ರಾತ್ರಿ ಮೂರು ಗಂಟೆಗೆ, ಮಗ್ಗುಲು ಬದಲಿಸುವಾಗ,
ಏಪ್ರಿಲ್ಲಿನ ಒಂದು ಸಂಜೆ ನೆನಪಾಯಿತು.
ಮೆಟ್ಟಿಲಿಳಿಯುತ್ತ, ನನ್ನ ಮುಖ ನೋಡದೆ,
'ಶಿವಾಜಿನಗರದಲ್ಲಿ ಒಂದು ಕಡೆ
ಸುಲೈಮಾನಿ ಚೆನ್ನಾಗಿ ಮಾಡ್ತಾರೆ' ಅಂದಿದ್ದರು.
ಹೌದಾ, ಅಂದು ನಾನು ರಸ್ತೆ ದಾಟಿದ್ದೆ.
ಯಶವಂತಪುರದ ಬಸ್ಸು ಬಂದಿತ್ತು.
ಕೂರಲು ಜಾಗ ಬೇರೆ ಸಿಕ್ಕಿತ್ತು.

ಒತ್ತಕ್ಷರ ಹಿಡಿಯುವ ಕಣ್ಣು!

ಇವತ್ತು ಮಂಗಳವಾರ. ಆಟ ಮುಗಿದ ಮೇಲೆ ರಸ್ತೆ ದಾಟಲಿಲ್ಲ.
ಅವರ ಬದಿಯ ತಂಗುದಾಣದಲ್ಲೇ ನಿಂತೆ, ಛತ್ರಿಯನ್ನು
ಈ ಕೈಯಿಂದ ಆ ಕೈಗೆ ಬದಲಿಸುತ್ತ.
'ನಿಮ್ಮ ಬಸ್ಸು ಆ ಕಡೆ' ಅಂದರು.
ಹೌದು, ಅಂದೆ.
ಆಮೇಲೆ ಕೆಳಗಿನಿಂದ ಶುರುಮಾಡಿದೆ:
ನನಗೆ ಸಕ್ಕರೆ ಹಾಕುವ ಹಾಗಿಲ್ಲ.
ಎಂಟೂವರೆಗೆ ಮಾತ್ರೆ ಇದೆ.
ಎಡ ಮಂಡಿಗೆ ಎತ್ತರದ ಮೆಟ್ಟಿಲು ಆಗದು.
ನಿಂಬೆ ಆಗುತ್ತದೆ.

ಮೇಡಂ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.
ಚೀಲವನ್ನು ಭುಜಕ್ಕೆ ಸರಿಸಿಕೊಂಡರು.
ತಂಗುದಾಣದ ಉಕ್ಕಿನ ಕಂಬಕ್ಕೆ
ಗೆಣ್ಣಿನಿಂದ,
ಎರಡು ಸಲ.